ಮುಂದಿನ ಪ್ಯಾಡ್ ಸವೆದರೆ ಹಿಂದಿನ ಚಕ್ರ ಬಿಚ್ಚಿ ನೋಡಿ

ಮುಂದಿನ ಬ್ರೇಕ್ ಪ್ಯಾಡ್ ಅವಧಿಗೆ ಮುಂಚೆಯೇ ಸವೆದಿದೆ ಎಂದು ಯಾರಾದರೂ ಪಿಕಪ್ ತಂದರೆ ನಾನು ಮೊದಲು ಜಾಕ್ ಹಾಕುವುದು ಹಿಂದಿನ ಆಕ್ಸಲ್‌ಗೆ. ಗಾಡಿ ತಂದವರು ಅನುಮಾನದಿಂದ ನೋಡುತ್ತಾರೆ: ಸವೆದಿರುವುದು ಮುಂದೆ, ಇವನು ಬಿಚ್ಚುತ್ತಿರುವುದು ಹಿಂದೆ. ಅಷ್ಟು ಹೊತ್ತಿಗೆ ಅವರು ಪ್ಯಾಡ್ ಒಮ್ಮೆ ಬದಲಿಸಿ, ಮತ್ತೊಮ್ಮೆ ಇನ್ನೂ ದುಬಾರಿಯದನ್ನು ಹಾಕಿಸಿ, ಅದನ್ನೂ ಮುಗಿಸಿಕೊಂಡಿರುತ್ತಾರೆ. ಪ್ಯಾಡ್ ಕಳಪೆ ಇರಲಾರದು ಎಂದೇನಿಲ್ಲ. ಆದರೆ ನನ್ನ ಕೈಗೆ ಬರುವ ಪಿಕಪ್‌ಗಳಲ್ಲಿ ಮುಂದಿನ ಬ್ರೇಕು ತನ್ನ ಪಾಲಿನ ಜೊತೆಗೆ ಹಿಂದಿನ ಬ್ರೇಕಿನ ಪಾಲನ್ನೂ ಹೊತ್ತು ಸವೆದಿರುವುದೇ ಹೆಚ್ಚು.

ಯಾವ ಗಾಡಿಯಲ್ಲೇ ಆಗಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಮುಂದಿನ ಬ್ರೇಕಿಗೆ ಹೆಚ್ಚು ಕೆಲಸ ಬೀಳುತ್ತದೆ. ಪಿಕಪ್‌ನ ವಿಶೇಷ ಏನೆಂದರೆ ಖಾಲಿ ಇದ್ದಾಗಿನ ಗಾಡಿಯೇ ಬೇರೆ, ಲೋಡ್ ಆದಾಗಿನ ಗಾಡಿಯೇ ಬೇರೆ. ಒಂದು ಲೆಕ್ಕ ಹಾಕೋಣ. ಖಾಲಿ ತೂಕ 1,800 ಕೆಜಿ, ಅದರಲ್ಲಿ ಮುಂದೆ 1,080, ಹಿಂದೆ 720 ಎಂದಿಟ್ಟುಕೊಳ್ಳಿ. ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 3 ಮೀಟರ್, ಗುರುತ್ವ ಕೇಂದ್ರದ ಎತ್ತರ 0.7 ಮೀಟರ್. ಸ್ವಲ್ಪ ಗಟ್ಟಿಯಾಗಿಯೇ, ಅಂದರೆ ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು (0.5 ಜಿ) ದರದಲ್ಲಿ ವೇಗ ಇಳಿಯುವಂತೆ ಬ್ರೇಕ್ ಹಿಡಿದರೆ ಸುಮಾರು 210 ಕೆಜಿ ಭಾರ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಹಿಂದೆ ಉಳಿಯುವುದು 510 ಕೆಜಿ, ಒಟ್ಟು ಭಾರದಲ್ಲಿ ಶೇ 28. ಈಗ ಅದೇ ಗಾಡಿಗೆ 1,000 ಕೆಜಿ ಮಾಲು ಹೇರಿ. ಮಾಲಿನ ತೂಕ ಬಹುತೇಕ ಹಿಂದಿನ ಆಕ್ಸಲ್ ಮೇಲೆ ಕೂರುತ್ತದೆ, ಗುರುತ್ವ ಕೇಂದ್ರವೂ 0.8 ಮೀಟರ್‌ಗೆ ಏರುತ್ತದೆ ಅನ್ನಿ. ಅಷ್ಟೇ ಗಟ್ಟಿಯಾಗಿ ಬ್ರೇಕ್ ಹಿಡಿದರೂ ಹಿಂದಿನ ಚಕ್ರಗಳ ಮೇಲೆ ಸುಮಾರು 1,300 ಕೆಜಿ ಉಳಿಯುತ್ತದೆ, ಒಟ್ಟು ಭಾರದ ಶೇ 46.

ಅಂದರೆ ಲೋಡ್ ಇದ್ದಾಗ ಹಿಂದಿನ ಬ್ರೇಕು ಮೈಮುರಿದು ದುಡಿಯಬೇಕು, ಖಾಲಿ ಇದ್ದಾಗ ತಗ್ಗಿ ನಡೆಯಬೇಕು. ಖಾಲಿ ಗಾಡಿಯಲ್ಲೂ ಹಿಂದಕ್ಕೆ ಪೂರ್ತಿ ಒತ್ತಡ ಕೊಟ್ಟರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ. ಇದನ್ನು ಸಂಭಾಳಿಸಲು ಹಳೆಯ ಪಿಕಪ್‌ಗಳ ಚಾಸಿ ಮತ್ತು ಹಿಂದಿನ ಆಕ್ಸಲ್ ನಡುವೆ ಲೋಡ್ ಸೆನ್ಸಿಂಗ್ ವಾಲ್ವ್ ಕೂರಿಸಿರುತ್ತಾರೆ. ಚಾಸಿಗೆ ಬಿಗಿದ ಚಿಕ್ಕ ವಾಲ್ವ್, ಅಲ್ಲಿಂದ ಆಕ್ಸಲ್‌ಗೆ ಒಂದು ಸರಳು ಅಥವಾ ಸ್ಪ್ರಿಂಗ್. ಮಾಲು ಹೇರಿ ಹಿಂಭಾಗ ಕುಸಿದರೆ ಸರಳು ವಾಲ್ವನ್ನು ಒತ್ತುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಹೊಸ ಗಾಡಿಗಳಲ್ಲಿ ಇದೇ ಕೆಲಸವನ್ನು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಜೊತೆಗಿರುವ ಇಬಿಡಿ, ಅಂದರೆ ಬ್ರೇಕ್ ಒತ್ತಡ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಮಾಡುತ್ತದೆ.

ಈ ವಾಲ್ವಿಗೆ ತೂಕ ಗೊತ್ತಾಗುವುದಿಲ್ಲ, ಎತ್ತರ ಮಾತ್ರ ಗೊತ್ತಾಗುತ್ತದೆ. ಇಲ್ಲೇ ಎಡವಟ್ಟು ಶುರುವಾಗುವುದು. ಹೆಚ್ಚು ಲೋಡ್ ಹಾಕಬೇಕೆಂದು ಹಿಂದಿನ ಸ್ಪ್ರಿಂಗ್‌ಗೆ ಎರಡು ಲೀಫ್ ಪ್ಲೇಟ್ (ಉಕ್ಕಿನ ಪಟ್ಟಿ) ಸೇರಿಸುತ್ತಾರೆ. ಗಾಡಿ ಕುಸಿಯುವುದು ನಿಂತಿತು, ಎಲ್ಲರಿಗೂ ಖುಷಿ. ವಾಲ್ವಿನ ಪಾಲಿಗೆ ಮಾತ್ರ ಆ ಗಾಡಿ ಸದಾ ಖಾಲಿ. ಒಂದು ಟನ್ ಹೊತ್ತು ಇಳಿಜಾರು ಇಳಿಯುವಾಗಲೂ ಅದು ಹಿಂದಿನ ಒತ್ತಡವನ್ನು ಖಾಲಿ ಗಾಡಿಯ ಮಟ್ಟಕ್ಕೇ ತಡೆದಿರುತ್ತದೆ. ಮಿಕ್ಕಿದ್ದೆಲ್ಲ ಮುಂದಿನ ನಾಲ್ಕು ಪ್ಯಾಡ್‌ಗಳ ತಲೆಗೆ. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದರೂ ಕಥೆ ಇದೇ. ಪ್ಲೇಟ್ ಸೇರಿಸುವವರು ಈ ವಾಲ್ವಿನ ಹೊಂದಾಣಿಕೆ ಮಾಡಿಕೊಟ್ಟಿದ್ದನ್ನು ನಾನು ಕಂಡಿರುವುದು ಅಪರೂಪ.

ಗಾಡಿಯಡಿ ಮಲಗಿ ಟಾರ್ಚ್ ಹಿಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸರಳಿನ ತುದಿಯ ರಬ್ಬರ್ ಬುಷ್ ಉದುರಿರುತ್ತದೆ, ಇಲ್ಲವೇ ಲಿವರ್ ತುಕ್ಕು ಹಿಡಿದು ಕೈಯಲ್ಲಿ ಅಲುಗಾಡಿಸಿದರೂ ಅಲುಗುವುದಿಲ್ಲ. ಕೆಲವು ಗಾಡಿಗಳಲ್ಲಿ ಸರಳನ್ನೇ ಬಿಚ್ಚಿ, ಲಿವರನ್ನು ಮೇಲಕ್ಕೆತ್ತಿ ಬೈಂಡಿಂಗ್ ವೈರ್‌ನಲ್ಲಿ ಕಟ್ಟಿರುತ್ತಾರೆ, ಹಿಂದಕ್ಕೆ ಯಾವಾಗಲೂ ಪೂರ್ತಿ ಬ್ರೇಕ್ ಸಿಗಲಿ ಎಂದು. ದಯವಿಟ್ಟು ಈ ಬುದ್ಧಿವಂತಿಕೆ ಬೇಡ. ಪ್ಯಾಡ್ ಉಳಿಯಬಹುದು, ಮಳೆಯ ರಸ್ತೆಯಲ್ಲಿ ಖಾಲಿ ಗಾಡಿ ಉಳಿಯುವುದಿಲ್ಲ. ಸರಿಯಾದ ವಿಧಾನವೆಂದರೆ ಸರ್ವಿಸ್ ಮ್ಯಾನುವಲ್ ಹೇಳಿದಷ್ಟು ಭಾರವನ್ನು ಹಿಂದಿನ ಆಕ್ಸಲ್ ಮೇಲೆ ಇಟ್ಟು, ಮುಂದೆ ಮತ್ತು ಹಿಂದೆ ಪ್ರೆಷರ್ ಗೇಜ್ ಹಾಕಿ, ಎರಡರ ಅನುಪಾತಕ್ಕೆ ವಾಲ್ವನ್ನು ಹೊಂದಿಸುವುದು. ಬೇಜಾರಿನ ಕೆಲಸ ನಿಜ, ಅದಕ್ಕೇ ಯಾರೂ ಮಾಡುವುದಿಲ್ಲ.

ವಾಲ್ವ್ ಸರಿಯಿದ್ದರೆ ಹಿಂದಿನ ಚಕ್ರದ ಡ್ರಮ್ ಕಡೆಗೆ ಬನ್ನಿ. ಡ್ರಮ್ ಬ್ರೇಕಿನಲ್ಲಿ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಸವೆದಂತೆ ಅಂತರ ಮುಚ್ಚಲು ಒಳಗೆ ಹಲ್ಲಿನ ಚಕ್ರದ ಸೆಲ್ಫ್ ಅಡ್ಜಸ್ಟರ್ ಇರುತ್ತದೆ. ಧೂಳು, ಕೆಸರು ಸೇರಿ ಅದು ಜಾಮ್ ಆದರೆ ಶೂ ಮತ್ತು ಡ್ರಮ್ ನಡುವಿನ ಸಂದು ಬೆಳೆಯುತ್ತಲೇ ಹೋಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಅಡ್ಜಸ್ಟರ್ ತಿರುಗುವುದು ಹ್ಯಾಂಡ್ ಬ್ರೇಕ್ ಎಳೆದಾಗ, ಇನ್ನು ಕೆಲವದರಲ್ಲಿ ರಿವರ್ಸ್ ಬರುತ್ತಾ ಬ್ರೇಕ್ ಒತ್ತಿದಾಗ. ಸದಾ ಗೇರಿನಲ್ಲೇ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಮುಟ್ಟದ ಚಾಲಕರ ಗಾಡಿಯಲ್ಲಿ ಮೊದಲ ಬಗೆಯದು ಕೆಲಸವನ್ನೇ ಮರೆತಿರುತ್ತದೆ. ಬಿಚ್ಚದೆಯೇ ಪರೀಕ್ಷಿಸಲು ಒಂದು ಉಪಾಯವಿದೆ. ಗಾಡಿ ನಿಂತಿರುವಾಗ ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ ನೋಡಿ, ಹ್ಯಾಂಡ್ ಬ್ರೇಕನ್ನು ಕೆಲವು ಹಲ್ಲು ಎಳೆದು ಮತ್ತೆ ಒತ್ತಿ. ಪೆಡಲ್ ಈಗ ಗಮನಾರ್ಹವಾಗಿ ಮೇಲೆಯೇ ನಿಂತರೆ ಹಿಂದಿನ ಶೂಗಳು ಡ್ರಮ್‌ನಿಂದ ದೂರ ಕುಳಿತಿವೆ. ಡ್ರಮ್ ಬಿಚ್ಚಿದಾಗ ಆಕ್ಸಲ್ ಸೀಲ್ ಸೋರಿ ಗೇರ್ ಆಯಿಲ್ ಕುಡಿದ ಲೈನರ್, ಗಾಜಿನಂತೆ ಹೊಳೆಯುವ ಲೈನರ್, ಪಿಸ್ಟನ್ ಅಂಟಿಕೊಂಡ ವೀಲ್ ಸಿಲಿಂಡರ್ (ಶೂಗಳನ್ನು ತಳ್ಳುವ ಭಾಗ), ಇವುಗಳಲ್ಲಿ ಒಂದಾದರೂ ಸಿಕ್ಕರೆ ಆಶ್ಚರ್ಯಪಡಬೇಡಿ. ಇಷ್ಟೆಲ್ಲ ಕೆಟ್ಟಿದ್ದರೂ ಡ್ರೈವರ್‌ಗೆ ಗೊತ್ತಾಗುವುದಿಲ್ಲ, ಏಕೆಂದರೆ ಮುಂದಿನ ಬ್ರೇಕು ಗಾಡಿ ನಿಲ್ಲಿಸುತ್ತಲೇ ಇರುತ್ತದೆ.

ಹಿಂದಿನದು ಚೊಕ್ಕವಾಗಿದೆ ಎಂದು ಖಾತ್ರಿಯಾದ ಮೇಲೆ ಮುಂದಕ್ಕೆ. ಹಳೆಯ ಪ್ಯಾಡ್ ಎಸೆಯುವ ಮೊದಲು ನಾಲ್ಕನ್ನೂ ಯಾವ ಜಾಗದ್ದು ಎಂದು ಗುರುತು ಹಾಕಿ ಸಾಲಾಗಿ ಇಡಿ. ನಾಲ್ಕೂ ಸಮನಾಗಿ ಸವೆದಿದ್ದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ತಪ್ಪಿಲ್ಲ. ಕಾರಣ ಹಿಂದಿನ ಬ್ರೇಕು, ಚಾಲನೆ, ಲೋಡು ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ). ಒಂದು ಪಿಸ್ಟನ್‌ನ ತೇಲುವ ಕ್ಯಾಲಿಪರ್‌ನಲ್ಲಿ ಒಳಗಿನ ಪ್ಯಾಡ್ ತೆಳುವಾಗಿ ಹೊರಗಿನದು ದಪ್ಪ ಉಳಿದಿದ್ದರೆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ ಎಂದೇ ಮೊದಲು ಅನುಮಾನಿಸಿ. ಪ್ಯಾಡ್ ಓರೆಯಾಗಿ ಸವೆದಿದ್ದರೆ ಒಂದು ಪಿನ್ ಮಾತ್ರ ಹಿಡಿದಿರಬಹುದು, ಅಥವಾ ಬ್ರಾಕೆಟ್‌ನಲ್ಲಿ ಪ್ಯಾಡ್‌ನ ಕಿವಿ ಕೂರುವ ಜಾಗದಲ್ಲಿ ಸ್ಟೀಲ್ ಕ್ಲಿಪ್‌ನ ಅಡಿ ತುಕ್ಕು ಉಬ್ಬಿರಬಹುದು. ಆ ತುಕ್ಕನ್ನು ಉಜ್ಜಿ ತೆಗೆಯದೆ ಹೊಸ ಪ್ಯಾಡನ್ನು ಸುತ್ತಿಗೆಯಲ್ಲಿ ತಟ್ಟಿ ಕೂರಿಸುವುದನ್ನು ನೋಡಿದ್ದೇನೆ. ತಟ್ಟಿ ಕೂರಿಸಿದ ಪ್ಯಾಡ್ ತಾನಾಗಿ ಹಿಂದೆ ಸರಿಯುವುದಿಲ್ಲ, ಡಿಸ್ಕನ್ನು ತಿಕ್ಕುತ್ತಲೇ ಇರುತ್ತದೆ. ಪ್ಯಾಡ್ ಬೆರಳಿನಲ್ಲಿ ತಳ್ಳಿದರೆ ಜಾರಬೇಕು. ಪಿನ್‌ಗಳಿಗೆ ಸಿಲಿಕೋನ್ ಅಥವಾ ಬ್ರೇಕಿಗೆಂದೇ ಬರುವ ಸಿಂಥೆಟಿಕ್ ಗ್ರೀಸ್ ಹಾಕಿ. ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಜಾಮ್. ಹಲವು ಕ್ಯಾಲಿಪರ್‌ಗಳಲ್ಲಿ ಮೇಲಿನ ಪಿನ್ ಬೇರೆ, ಕೆಳಗಿನದು ಬೇರೆ, ಅದಲು ಬದಲಾಗಬಾರದು.

ಒಂದೇ ಬದಿಯ ಎರಡೂ ಪ್ಯಾಡ್ ಮುಗಿದಿದ್ದರೆ ಪಿಸ್ಟನ್ ಅಥವಾ ರಬ್ಬರ್ ಹೋಸ್. ಹೋಸ್ ಹೊರಗಿನಿಂದ ಹೊಸದರಂತೆ ಕಂಡರೂ ಒಳಪದರ ಕುಸಿದು ಬ್ರೇಕ್ ಆಯಿಲ್ ವಾಪಸ್ ಹೋಗಲು ಬಿಡದಿರಬಹುದು. ಚಕ್ರ ಬಿಗಿದಿರುವಾಗಲೇ ಹೋಸ್‌ನ ಮೇಲಿನ ಪೈಪ್ ಜೋಡಣೆಯನ್ನು ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತೊಂದರೆ ಮೇಲಿದೆ, ಮಾಸ್ಟರ್ ಸಿಲಿಂಡರ್ ಕಡೆ. ಬಿಡದಿದ್ದರೆ ಕ್ಯಾಲಿಪರ್‌ನ ಬ್ಲೀಡ್ ಸ್ಕ್ರೂ ತೆರೆಯಿರಿ. ಆಗ ಬಿಟ್ಟರೆ ಹೋಸ್, ಆಗಲೂ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್. ಕೊನೆಗೆ ಏರ್ ತೆಗೆಯುವುದನ್ನು ಮರೆಯಬೇಡಿ.

ಎಲ್ಲವೂ ಸರಿಯಿದ್ದೂ ಸವೆತ ನಿಲ್ಲದಿದ್ದರೆ ಸೀಟಿನ ಕಡೆ ನೋಡಬೇಕಾಗುತ್ತದೆ. 3,000 ಕೆಜಿ ತೂಗುವ ಪಿಕಪ್ಪನ್ನು ಗಂಟೆಗೆ 80 ಕಿಮೀ ವೇಗದಿಂದ ನಿಲ್ಲಿಸಲು ಸುಮಾರು 740 ಕಿಲೋಜೂಲ್ ಶಕ್ತಿಯನ್ನು ಶಾಖವಾಗಿ ಕಳೆಯಬೇಕು. 40ರಿಂದ ನಿಲ್ಲಿಸಲು ಅದರ ಕಾಲು ಭಾಗ ಸಾಕು. ಅದೇ ಗಾಡಿ 500 ಮೀಟರ್ ಎತ್ತರದ ಬೆಟ್ಟ ಇಳಿದರೆ ಕಳೆಯಬೇಕಾದ ಶಕ್ತಿ ಸುಮಾರು 14,700 ಕಿಲೋಜೂಲ್, ಅಂದರೆ 80ರ ವೇಗದಿಂದ ಇಪ್ಪತ್ತು ಸಲ ನಿಲ್ಲಿಸಿದಷ್ಟು. ಇದರಲ್ಲಿ ಎಂಜಿನ್ ಎಷ್ಟು ಹೀರಿಕೊಳ್ಳುತ್ತದೋ ಅಷ್ಟು ಪ್ಯಾಡ್‌ಗೆ ಉಳಿತಾಯ. ಟಾಪ್ ಗೇರಿನಲ್ಲಿ, ಅಥವಾ ಡೀಸೆಲ್ ಉಳಿಸುತ್ತೇನೆಂದು ನ್ಯೂಟ್ರಲ್‌ನಲ್ಲಿ ಇಳಿದರೆ ಬಹುತೇಕ ಹೊರೆ ಬ್ರೇಕಿನದೇ. ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ಕಡಿದುಬಿಡುತ್ತವೆ, ನ್ಯೂಟ್ರಲ್‌ನಲ್ಲಿ ಐಡಲ್‌ಗಾದರೂ ಉರಿಸುತ್ತವೆ, ಹಾಗಾಗಿ ಆ ಉಳಿತಾಯವೂ ಭ್ರಮೆಯೇ. ಆಟೊಮ್ಯಾಟಿಕ್ ಪಿಕಪ್‌ಗಳಲ್ಲಿ ಎಡಗಾಲನ್ನು ಬ್ರೇಕ್ ಪೆಡಲ್ ಮೇಲೆ ಇಟ್ಟುಕೊಂಡೇ ಓಡಿಸುವವರೂ ಇದ್ದಾರೆ. ಕೇಳಿದರೆ ಇಲ್ಲವೆನ್ನುತ್ತಾರೆ, ಹಿಂದೆ ಇನ್ನೊಂದು ಗಾಡಿಯಲ್ಲಿ ಹೋದವರಿಗೆ ಬ್ರೇಕ್ ಲೈಟ್ ನಿಜ ಹೇಳುತ್ತದೆ.

ಟೈರಿನ ಗಾತ್ರವನ್ನೂ ಕೇಳಿ. ವ್ಯಾಸ ಶೇ 10 ಹೆಚ್ಚಾದರೆ ಅಷ್ಟೇ ದೂರದಲ್ಲಿ ನಿಲ್ಲಲು ಬ್ರೇಕ್ ಟಾರ್ಕ್ ಕೂಡ ಶೇ 10 ಹೆಚ್ಚು ಬೇಕು. ಟ್ರೇಲರ್ ಎಳೆಯುವ ಗಾಡಿಯಾದರೆ ಟ್ರೇಲರ್‌ನ ಸ್ವಂತ ಬ್ರೇಕು ನಿಜಕ್ಕೂ ಹಿಡಿಯುತ್ತಿದೆಯೇ ನೋಡಿ.

ಹೊಸ ಪ್ಯಾಡ್ ಹಾಕಿದ ದಿನವೇ ವರ್ನಿಯರ್‌ನಲ್ಲಿ ಅದರ ಲೈನಿಂಗ್ ದಪ್ಪ ಅಳೆದು ಓಡೋಮೀಟರ್ ಅಂಕಿಯ ಜೊತೆ ಬರೆದಿಡಿ. 11 ಮಿಮೀ ಇದ್ದರೆ, 3 ಮಿಮೀಗೆ ಬದಲಿಸುವ ಲೆಕ್ಕದಲ್ಲಿ ಬಳಸಲು ಸಿಗುವುದು 8 ಮಿಮೀ. 5,000 ಕಿಮೀ ನಂತರ ಚಕ್ರ ಬಿಚ್ಚಿ ಅಳೆಯಿರಿ. 1 ಮಿಮೀ ಹೋಗಿದ್ದರೆ ಇನ್ನೂ 35,000 ಕಿಮೀ ಬಾಳಿಕೆ ಇದೆ. 3 ಮಿಮೀ ಹೋಗಿದ್ದರೆ ಉಳಿದಿರುವುದು 8,000ದಷ್ಟು ಮಾತ್ರ. ಅದೇ ದಿನ, ಹತ್ತಾರು ಕಿಲೋಮೀಟರ್ ಲೋಡ್‌ನೊಂದಿಗೆ ಓಡಿಸಿ ಬಂದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನಾಲ್ಕೂ ಚಕ್ರಗಳ ಬಿಸಿ ನೋಡಿ. ಮುಂದಿನ ಎಡ ಬಲದ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ಬಿಸಿ ಹೆಚ್ಚಿರುವ ಬದಿಯ ಕ್ಯಾಲಿಪರ್ ಬಿಚ್ಚಿ. ಮುಂದಿನ ಎರಡೂ ಸುಡುತ್ತಿದ್ದು, ಹಿಂದಿನ ಡ್ರಮ್‌ಗಳ ಮೇಲೆ ಆರಾಮಾಗಿ ಕೈ ಇಡುವಂತಿದ್ದರೆ ಮತ್ತೆ ಆ ವಾಲ್ವಿನ ಹತ್ತಿರವೇ ಹೋಗಬೇಕು.