ಒಂದು ನಿಮಿಷದಲ್ಲಿ ಕಾಣೋ ಬಿಳಿ ಮಚ್ಚೆ, ಹಟ್ಟಿಗೆ ಯಾಕೆ ಬರ್ತಿಲ್ಲ?

ದಾವಣಗೆರೆಯಲ್ಲಿ ಸಂಜೆ ಹೊತ್ತು ಗೋಬಿ ಗಾಡಿ ಮುಂದೆ ನಿಂತವರಿಗೆಲ್ಲ ವಿನೆಗರ್ ಬಾಟ್ಲಿ ಗೊತ್ತು. ಅದರಲ್ಲಿರೋದು ಅಸಿಟಿಕ್ ಆಸಿಡ್, ನೂರಕ್ಕೆ ನಾಲ್ಕೈದು ಭಾಗ, ಉಳಿದಿದ್ದೆಲ್ಲಾ ನೀರು. ಅದೇ ಆಸಿಡ್ಡನ್ನ ಆಸ್ಪತ್ರೆಯಲ್ಲಿ 3ರಿಂದ 5 ಪರ್ಸೆಂಟ್ ಹದಕ್ಕೆ ಬೆರೆಸಿ, ಹತ್ತೀಲಿ ಅದ್ದಿ, ಗರ್ಭಕೋಶದ ಬಾಯಿಗೆ ಹಚ್ಚಿ ಒಂದು ನಿಮಿಷ ಕಾದ್ರೆ, ಇನ್ನೂ ಕ್ಯಾನ್ಸರ್ ಆಗದೇ ಇರೋ ಆದರೆ ಬಿಟ್ರೆ ಮುಂದೆ ಆಗಬಹುದಾದ ಜಾಗ ಬೆಳ್ಳಗೆ ಎದ್ದು ಕಾಣುತ್ತೆ. ಅದೂ ಬರಿಗಣ್ಣಿಗೆ! ಲ್ಯಾಬ್ ಬೇಡ, ಮೈಕ್ರೋಸ್ಕೋಪ್ ಬೇಡ, ರಿಪೋರ್ಟಿಗೆ ಅಂತ ಇನ್ನೊಂದು ದಿನ ಕೂಲಿ ಬಿಟ್ಟು ಬರೋದು ಬೇಡ. ಇಷ್ಟು ಅಗ್ಗದ, ಇಷ್ಟು ಚಂದದ ಪರೀಕ್ಷೆ ವೈದ್ಯವಿಜ್ಞಾನದಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ.

ಹಂಗಿದ್ರೂ 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಹೆಣ್ಮಕ್ಕಳಿಗೆ ಗರ್ಭಕೋಶದ ಬಾಯಿ ಕ್ಯಾನ್ಸರ್ ಬಂತು, ಹತ್ತಿರ ಹತ್ತಿರ 80 ಸಾವಿರ ಜನ ಸತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದ್ರೆ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಂದು ಸಲವಾದ್ರೂ ಈ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಹಿಂಗಿರೋವಾಗ "ಅವಳ ಹಣೆಬರಹ", "ಯಾವ ಜನ್ಮದ ಕರ್ಮಾನೋ" ಅಂತ ಯಾರಾದ್ರೂ ಅಂದ್ರೆ ನನಗೆ ಸಿಟ್ಟು ಬರುತ್ತೆ. ಬಯಾಪ್ಸಿಗೆ, ಅಂದ್ರೆ ಪರೀಕ್ಷೆಗೆ ಅಂತ ಒಂದು ಚೂರು ತೆಗೆಯೋಕೆ, ಕತ್ತಿ ತಾಗಿಸಿದ್ರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತೂ ಅಂಥದ್ದೇ, ಅದನ್ನ ನಂಬಿ ನಾಟಿ ಔಷಧಿ ಕುಡಿದುಕೊಂಡು ಆರು ತಿಂಗಳು ಕಳೆಯೋರು ಇದ್ದಾರೆ, ಆ ಆರು ತಿಂಗಳಲ್ಲಿ ಹರಡೋದು ಮಾತ್ರ ನಿಜ.

ಈಗ ಆ ಬಿಳಿ ಬಣ್ಣಕ್ಕೆ ಬರೋಣ. ಗರ್ಭಕೋಶದ ಬಾಯಿಯ ಹೊರಪದರದಲ್ಲಿ ಜೀವಕೋಶಗಳು ಅಡಿಯಲ್ಲಿ ಹುಟ್ಟಿ ಮೇಲಕ್ಕೆ ಬರ್ತಾ ಬರ್ತಾ ಬಲಿತು ಚಪ್ಪಟೆ ಆಗ್ತವೆ. ಬಲಿತ ಕೋಶದ ಒಳಗೆ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು ಜಾಸ್ತಿ, ನ್ಯೂಕ್ಲಿಯಸ್ ಚಿಕ್ಕದು. ಹಂಗಾಗಿ ಬೆಳಕು ಅದರೊಳಗೆ ಹಾದುಹೋಗಿ ಅಡಿಯಲ್ಲಿರೋ ರಕ್ತನಾಳ ಮುಟ್ಟಿ ವಾಪಸ್ ಬರುತ್ತೆ, ನಮಗೆ ತಿಳಿ ಗುಲಾಬಿ ಬಣ್ಣ ಕಾಣುತ್ತೆ. ಈ ಕ್ಯಾನ್ಸರಿಗೆ ಕಾರಣ ಆಗೋದು ಲೈಂಗಿಕ ಸಂಪರ್ಕದಿಂದ ಹರಡೋ ಎಚ್‌ಪಿವಿ ಅನ್ನೋ ವೈರಸ್, ಅದು ಸೇರಿಕೊಂಡು ಕೆಡಿಸಿದ ಕೋಶಗಳು ಹಂಗಲ್ಲ. ಆ ವೈರಸ್ಸಿನ ಇ6 ಅನ್ನೋ ಪ್ರೋಟೀನು, ಕೋಶವನ್ನ ಕಾವಲು ಕಾಯೋ ಪಿ53 ಪ್ರೋಟೀನನ್ನ ನಾಶ ಮಾಡಿಸುತ್ತೆ, ಇ7 ಇನ್ನೊಂದು ಬ್ರೇಕನ್ನ ಕಿತ್ತುಹಾಕುತ್ತೆ, ಆಮೇಲೆ ಕೋಶಗಳು ಬಲಿಯೋದು ಬಿಟ್ಟು ಬರೀ ವಿಭಜನೆ ಆಗ್ತಾ ಹೋಗ್ತವೆ. ನ್ಯೂಕ್ಲಿಯಸ್ ದೊಡ್ಡದಾಗುತ್ತೆ, ಕೋಶಗಳು ಒತ್ತೊತ್ತಾಗ್ತವೆ, ಗ್ಲೈಕೋಜನ್ ಕಡಿಮೆ ಆಗುತ್ತೆ, ಪ್ರೋಟೀನ್ ತುಂಬಿಕೊಳ್ಳುತ್ತೆ. ಆಸಿಡ್ ತಾಗಿದ ಕೂಡ್ಲೇ ಆ ಪ್ರೋಟೀನೆಲ್ಲ ಗಟ್ಟಿಯಾಗುತ್ತೆ, ಮೊಟ್ಟೆಯ ಲೋಳೆ ಕಾದ ತವೆ ಮೇಲೆ ಬೆಳ್ಳಗಾಗುತ್ತಲ್ಲ ಹಂಗೆ. ಆದ್ರೆ ಬೆಂದ ಮೊಟ್ಟೆ ಮತ್ತೆ ಲೋಳೆ ಆಗಲ್ಲ, ಇಲ್ಲಿ ಕೆಲವು ನಿಮಿಷದಲ್ಲಿ ಬಿಳುಪು ತಾನಾಗೇ ಮಾಯ ಆಗುತ್ತೆ. ಗಟ್ಟಿಯಾದ ಪ್ರೋಟೀನು ಬೆಳಕನ್ನ ಒಳಗೆ ಬಿಡದೆ ಎಲ್ಲಾ ಕಡೆ ಚದುರಿಸಿ ವಾಪಸ್ ಕಳಿಸುತ್ತೆ, ಅದಕ್ಕೇ ಬಿಳಿ. ಅಂಚು ಸ್ಪಷ್ಟವಾಗಿದ್ದು ದಟ್ಟವಾಗಿ ಬೆಳ್ಳಗಾದ್ರೆ ಪಾಸಿಟಿವ್. ಹಂಗಂತ ಪಾಸಿಟಿವ್ ಅಂದ್ರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ, ಸೋಂಕು ಇದ್ರೂ ಒಮ್ಮೊಮ್ಮೆ ಬೆಳ್ಳಗೆ ಕಾಣುತ್ತೆ. ಮುಟ್ಟು ನಿಂತವರಲ್ಲಿ ಕೋಶಗಳು ಹಿಂಗೆ ಕೆಡೋಕೆ ಶುರುವಾಗೋ ಜಾಗ ಒಳಗೆ ಸರಿದಿರುತ್ತೆ, ಅವರಿಗೆ ಈ ಪರೀಕ್ಷೆ ಅಷ್ಟು ನಂಬೋ ಹಂಗಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಅಂದ್ರೆ ಟೈಮು. ಎಚ್‌ಪಿವಿ ತುಂಬಾ ಜನಕ್ಕೆ ಬಂದು ಹೋಗುತ್ತೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹಾನೇ ಅದನ್ನ ಓಡಿಸುತ್ತೆ. ಉಳಿದುಕೊಂಡವರಲ್ಲೂ ಅದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ವರ್ಷದ ಒಳಗೆ ಯಾವತ್ತಾದ್ರೂ ಒಂದು ದಿನ ನೋಡಿದ್ರೆ, ಆ ಜಾಗವನ್ನ ಶಾಖ ಕೊಟ್ಟೋ ಹೆಪ್ಪುಗಟ್ಟಿಸಿಯೋ ಕೆಲವೇ ನಿಮಿಷದಲ್ಲಿ ತೆಗೀಬಹುದು, ಅವತ್ತೇ ಮನೆಗೆ ಹೋಗಬಹುದು. ನೋಡದೇ ಬಿಟ್ರೆ? ಬಲಿತ ಕ್ಯಾನ್ಸರಿಗೆ ರೇಡಿಯೇಷನ್ನೇ 25ರ ಆಸುಪಾಸು ಸಿಟ್ಟಿಂಗು, ಐದು ವಾರ, ಅದರ ಮೇಲೆ ಒಳಗಿಂದ ಕೊಡೋ ಬ್ರಾಕಿಥೆರಪಿ ಬೇರೆ.

ಇತಿಹಾಸ ಸ್ವಲ್ಪ ಹೇಳಲೇಬೇಕು. 1842ರಲ್ಲಿ ಇಟಲಿಯ ರಿಗೋನಿ-ಸ್ಟರ್ನ್ ಅನ್ನೋ ವೈದ್ಯ ವೆರೋನಾ ಊರಿನ ಸಾವಿನ ದಾಖಲೆ ಕೂತು ಎಣಿಸಿದ, ಕ್ರೈಸ್ತ ಸನ್ಯಾಸಿನಿಯರಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಕಡಿಮೆ, ಮದುವೆ ಆದವರಲ್ಲಿ ಜಾಸ್ತಿ ಅಂತ ಕಂಡ. ಕಾರಣ ಸಿಗೋಕೆ ನೂರನಲವತ್ತು ವರ್ಷ ಬೇಕಾಯ್ತು. 1983-84ರಲ್ಲಿ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ತಂಡ ಎಚ್‌ಪಿವಿಯ 16 ಮತ್ತು 18ನೇ ನಂಬರಿನ ಬಗೆಗಳನ್ನ ಗೆಡ್ಡೆಗಳಲ್ಲೇ ಹಿಡಿದು ತೋರಿಸಿತು, 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ 18ನೇ ನಂಬರ್ ವೈರಸ್ಸು ಹೀಲಾ ಕೋಶಗಳಲ್ಲೂ ಸಿಕ್ಕಿತು. ಹೀಲಾ ಅಂದ್ರೆ 1951ರಲ್ಲಿ 31ನೇ ವಯಸ್ಸಿಗೇ ಇದೇ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಅಮೆರಿಕದ ಬಡ ಕಪ್ಪು ಹೆಣ್ಣುಮಗಳ ಕೋಶಗಳು, ಅವಳ ಒಪ್ಪಿಗೆ ಕೇಳದೇ ತಗೊಂಡು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಸ್ತಿರೋದು. ಜಗತ್ತಿನ ಲ್ಯಾಬುಗಳೆಲ್ಲ ಅವಳ ಕೋಶದಿಂದ ಕಲಿತವು, ಅವಳಂಥವರ ಬಾಗಿಲಿಗೆ ಆ ಕಲಿಕೆ ಹೋಗೋದು ಮಾತ್ರ ತಡ ಆಯ್ತು.

ಬಾಗಿಲಿಗೆ ಒಯ್ದು ನೋಡಿದವರು ನಮ್ಮಲ್ಲೇ ಇದ್ದಾರೆ. ಮುಂಬೈನ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಅಲ್ಲಿನ ಸ್ಲಮ್ಮುಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನ ಸೇರಿಸಿಕೊಂಡು ಕೆಲಸ ಶುರು ಮಾಡಿದ್ರು. ವಿನೆಗರ್ ಹಚ್ಚಿ ನೋಡಿದ್ದು ಡಾಕ್ಟರಲ್ಲ, ಹತ್ತನೇ ಕ್ಲಾಸ್ ಮಟ್ಟಕ್ಕೆ ಓದಿದ ಹೆಣ್ಮಕ್ಕಳಿಗೆ ನಾಲ್ಕು ವಾರ ತರಬೇತಿ ಕೊಟ್ಟು ಅವರ ಕೈಲೇ ಮಾಡಿಸಿದ್ರು, ಎರಡು ವರ್ಷಕ್ಕೊಂದ್ಸಲ. 12 ವರ್ಷ ಆದ ಮೇಲೆ ಲೆಕ್ಕ ಹಾಕಿದ್ರೆ ಈ ಕ್ಯಾನ್ಸರಿನ ಸಾವು 31 ಪರ್ಸೆಂಟ್ ಇಳಿದಿತ್ತು. ತಮಿಳುನಾಡಿನ ದಿಂಡಿಗಲ್‌ನಲ್ಲಿ ನರ್ಸುಗಳು ಮಾಡಿದ್ದಕ್ಕೆ 35 ಪರ್ಸೆಂಟ್. ಮುಂಬೈ ಪ್ರಯೋಗದಲ್ಲಿ ಅರ್ಧ ಜನಕ್ಕೆ ಪರೀಕ್ಷೆ ಮಾಡದೇ ಬರೀ ತಿಳುವಳಿಕೆ ಹೇಳಿ ಬಿಟ್ಟಿದ್ದು ಸರಿನಾ ಅನ್ನೋ ತಕರಾರು ಆಮೇಲೆ ಎದ್ದಿತು, ಆ ತಕರಾರು ನನಗೆ ನ್ಯಾಯವಾಗೇ ಕಾಣುತ್ತೆ. ಆದ್ರೆ ಅಷ್ಟು ಬೆಲೆ ಕೊಟ್ಟು ಸಿಕ್ಕಿದ ಉತ್ತರಾನ ಉಪಯೋಗಿಸದೇ ಇಡೋದು ಅದಕ್ಕಿಂತ ದೊಡ್ಡ ಅನ್ಯಾಯ.

ಇನ್ನೊಂದು ಪಾಠ ನ್ಯೂಯಾರ್ಕಿನ ಹಾರ್ಲೆಮ್‌ನಿಂದ. ಅಲ್ಲಿನ ಸರ್ಜನ್ ಹೆರಾಲ್ಡ್ ಫ್ರೀಮನ್ ಕಡೆಗೆ ಸ್ತನ ಕ್ಯಾನ್ಸರ್ ಅಂತ ಬರ್ತಿದ್ದ ಬಡ ಕಪ್ಪು ಹೆಂಗಸರಲ್ಲಿ ಅರ್ಧದಷ್ಟು ಜನ ಮೂರನೇ, ನಾಲ್ಕನೇ ಸ್ಟೇಜಲ್ಲೇ ಬರ್ತಿದ್ರು, ಐದು ವರ್ಷ ಬದುಕಿ ಉಳೀತಿದ್ದವರು 39 ಪರ್ಸೆಂಟ್. ಅವರು ಫ್ರೀ ಸ್ಕ್ರೀನಿಂಗ್ ತಂದ್ರು, 1990ರಲ್ಲಿ ಅದರ ಜೊತೆಗೆ ಒಬ್ಬ ಜೊತೆಗಾರರನ್ನೂ ಕೊಟ್ರು. ಅದೇ ಊರಿನ ಮನುಷ್ಯರು, ಅನುಮಾನ ಬಂದ ದಿನದಿಂದ ಚಿಕಿತ್ಸೆ ಮುಗಿಯೋವರೆಗೂ ಕಾಗದ ಪತ್ರ, ತಾರೀಕು, ಭಯ ಎಲ್ಲಾದಕ್ಕೂ ಪಕ್ಕದಲ್ಲಿರೋರು. ಆಮೇಲಿನ ವರ್ಷಗಳ ರೋಗಿಗಳಲ್ಲಿ ಆ 39, 70 ಆಯ್ತು.

ಈಗ ನಮ್ಮ ಕಡೆ ನೋಡಿ. ಸರ್ಕಾರದ ನಿಯಮದಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕೋಶದ ಬಾಯಿ ಮೂರರ ತಪಾಸಣೆ ಇದೆ, ಆಶಾ ಅಕ್ಕ ಮನೆಗೆ ಬಂದು ಫಾರಂ ತುಂಬ್ತಾರೆ. ಬಿಪಿ ನೋಡೋದು ಸುಲಭ. ಚಳ್ಳಕೆರೆ, ಹಿರಿಯೂರು ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣು ಹಟ್ಟಿಯಿಂದ ಆಚೆ ಇರಬೇಕು ಅನ್ನೋ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಈ ಕ್ಯಾನ್ಸರಿನ ಮುಖ್ಯ ಲಕ್ಷಣವೇ ಹೊತ್ತಲ್ಲದ ಹೊತ್ತಲ್ಲಿ ರಕ್ತ ಹೋಗೋದು, ಮುಟ್ಟು ನಿಂತ ಮೇಲೆ, ಗಂಡನ ಜೊತೆ ಸೇರಿದ ಮೇಲೆ. ರಕ್ತ ಅಂದ್ರೇನೇ ಆಚೆ ಹೋಗಬೇಕು ಅನ್ನೋ ಕಡೆ ಅವಳು ಅದನ್ನ ಬಾಯಿಬಿಟ್ಟು ಯಾರಿಗೆ ಹೇಳಬೇಕು? ಮೈಲಿಗೆಯ ಮಾತು ಇಲ್ಲಿ ಜೀವ ತೆಗೆಯೋದು ಹಿಂಗೆ, ಸದ್ದಿಲ್ಲದೆ.

ಇನ್ನೊಂದು ಕಡೆ ಅದೇ ಕ್ಯಾನ್ಸರಿನ ಹೆಸರು ಹೇಳಿ ಹೆದರಿಸೋದು. ಬಿಳಿ ಹೋಗುತ್ತೆ, ಹೊಟ್ಟೆ ನೋವು ಅಂತ ಹೋದ ಹೆಣ್ಮಕ್ಕಳಿಗೆ ಮುಂದೆ ಕ್ಯಾನ್ಸರ್ ಆಗುತ್ತೆ ಅಂತ ಗರ್ಭಕೋಶಾನೇ ತೆಗೆದು ಕಳಿಸಿದ್ದು ಉಂಟು, ಪಕ್ಕದ ಹಾವೇರಿ ಜಿಲ್ಲೆಯ ಲಂಬಾಣಿ ಹೆಂಗಸರು ಇದಕ್ಕೇ ಬೀದಿಗಿಳಿದು ಹೋರಾಟ ಮಾಡಿದ್ರು. ಬಿಳಿ ಹೋಗೋದು ಹೆಚ್ಚಿನ ಸಲ ಸಹಜ, ಇಲ್ಲಾ ಗುಳಿಗೆಯಲ್ಲಿ ವಾಸಿ ಆಗೋ ಸೋಂಕು. ಹಿಂಗೆ ಒಂದ್ಸಲ ಮೋಸ ಹೋದ ತಾಂಡಾಕ್ಕೆ ಗುರುತಿಲ್ಲದವರು ಜೀಪಲ್ಲಿ ಬಂದು ಕ್ಯಾಂಪ್ ಹಾಕಿದ್ರೆ ಯಾರು ಬರ್ತಾರೆ? ಅವರದೇ ಭಾಷೆ ಆಡೋ, ಅವರದೇ ಮದುವೆ ಮುಂಜಿಲಿ ಕೂತು ಉಂಡ ಹೆಣ್ಣುಮಗಳು ಕರೆದ್ರೆ, ಅದೂ ತಾನು ಮೊದಲು ಮಾಡಿಸಿಕೊಂಡು ಆಮೇಲೆ ಕರೆದ್ರೆ ಬರ್ತಾರೆ.

ಮಾತಾಡೋಕೂ ನಾಚಿಕೆ ಪಡೋರಿಗೆ ಈಗ ಇನ್ನೊಂದು ದಾರಿ ಇದೆ, ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಇದಕ್ಕೆ ಹೆಣ್ಮಗಳು ಮರೆಯಲ್ಲಿ ತಾನೇ ಒಂದು ಸಣ್ಣ ಬ್ರಷ್ಷಿನಲ್ಲಿ ಸ್ಯಾಂಪಲ್ ತಗೊಂಡು ಕೊಡಬಹುದು, ಬೇರೆ ಯಾರೂ ಮುಟ್ಟೋದೇ ಬೇಡ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಪಿವಿ ಪರೀಕ್ಷೆ ಒಂದೇ ಒಂದು ಸಲ ಮಾಡಿದ್ದಕ್ಕೇ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದು 2009ರಲ್ಲಿ ಪ್ರಕಟ ಆಗಿದೆ, ಅಲ್ಲಿ ಸ್ಯಾಂಪಲ್ ತೆಗೆದಿದ್ದು ಆರೋಗ್ಯ ಕಾರ್ಯಕರ್ತೆಯರು.

ಪಾಸಿಟಿವ್ ಬಂದ ಮೇಲಿನ ದಾರಿಯಲ್ಲೇ ನಮ್ಮವರು ಕಳೆದುಹೋಗೋದು. ಜಿಲ್ಲಾಸ್ಪತ್ರೆ, ಅಲ್ಲಿಂದ ದೊಡ್ಡ ಚಿಕಿತ್ಸೆ ಬೇಕಾದ್ರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಚಿತ್ರದುರ್ಗದಿಂದ 200 ಕಿಲೋಮೀಟರ್. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸೂ ಫ್ರೀ. ಜೊತೆಗೆ ಬರೋ ಮಗನ ಟಿಕೆಟ್ಟು, ಅವನ ಕೂಲಿ, ಐದು ವಾರ ಉಳ್ಕೊಳ್ಳೋ ಜಾಗ, ಮನೇಲಿರೋ ಕುರಿ ನೋಡ್ಕೊಳ್ಳೋರು, ಇವು ಯಾವ ಕಾರ್ಡಲ್ಲೂ ಇಲ್ಲ. ಸ್ತ್ರೀಶಕ್ತಿ ಸಂಘಗಳು ಮನಸ್ಸು ಮಾಡಿದ್ರೆ ಕೈ ಹಾಕಬಹುದಾದ ಜಾಗ ಇದು, ಒಬ್ಬರಿಗೆ ಒಬ್ಬರು ಜೊತೆ ಹೋಗೋದು, ಸಂಘದ ದುಡ್ಡಲ್ಲಿ ಸ್ವಲ್ಪ ಇದಕ್ಕೆ ಅಂತ ತೆಗೆದಿಡೋದು. ನಿಮ್ಮೂರ ಉಪಕೇಂದ್ರದಲ್ಲಿ ಗರ್ಭಕೋಶದ ಬಾಯಿ ಪರೀಕ್ಷೆ ಯಾವ ದಿನ ಮಾಡ್ತಾರೆ ಅಂತ ಆಶಾ ಅಕ್ಕನ್ನ ಕೇಳಿ, ಬಿಳಿ ಮಚ್ಚೆ ಕಂಡ್ರೆ ಮುಂದೆ ಎಲ್ಲಿಗೆ ಕಳಿಸ್ತೀರಿ, ಜೊತೆಗೆ ಯಾರು ಬರ್ತಾರೆ ಅನ್ನೋದನ್ನೂ ಆಗಲೇ ಕೇಳಿ.