ಬಂಪರಿಗೆ ಕಟ್ಟಿದ ಕೂದಲ ಹಗ್ಗ ಮತ್ತು ಕಲೆಯ ಊರು

ಓದುಗರ ಪ್ರಶ್ನೆ: ಇಂದಿನ ಕಲಾಕೃತಿಗಳು ಅರ್ಥವಾಗಬೇಕಾದರೆ ಕಲಾವಿದರ ಊರು, ಸಮಾಜ, ಆಚರಣೆಗಳೆಲ್ಲ ತಿಳಿದಿರಲೇಬೇಕೆ? ಒಳ್ಳೆಯ ಕೃತಿ ತನ್ನಷ್ಟಕ್ಕೆ ತಾನೇ ಮಾತನಾಡಬೇಕಲ್ಲವೇ?

ಕೃತಿಯ ಮುಂದೆ ನಿಲ್ಲುವುದಕ್ಕೆ ಏನೂ ತಿಳಿದಿರಬೇಕಾಗಿಲ್ಲ. ಆದರೆ ಅದು ಯಾವ ವಸ್ತುವಿನಿಂದ ಆಗಿದೆ, ಆ ವಸ್ತು ಯಾರ ಕೈ ದಾಟಿ ಅಲ್ಲಿಗೆ ಬಂದಿದೆ ಎಂದು ಕೇಳದೆ ಹೊರಟುಬಿಟ್ಟರೆ ಅರ್ಧ ಕೃತಿಯನ್ನಷ್ಟೇ ನೋಡಿದಂತಾಗುತ್ತದೆ ಎಂಬುದು ನನ್ನ ನಂಬಿಕೆ. ಅಂಗಡಿಯಿಂದ ತಂದ ಬಣ್ಣ, ಕ್ಯಾನ್ವಾಸುಗಳು ಯಾವ ಊರಿನವೂ ಆಗಿರಬಹುದು. ಕಲಾವಿದರು ಬೀದಿಯಿಂದ, ಹಿತ್ತಿಲಿನಿಂದ, ಅಡುಗೆಮನೆಯಿಂದ ಏನನ್ನಾದರೂ ಎತ್ತಿಕೊಂಡರೆ ಮಾತ್ರ ಆ ವಸ್ತು ಅಲ್ಲಿಯವರೆಗೆ ಬದುಕಿದ ಬದುಕೂ ಅದರೊಂದಿಗೆ ಬರುತ್ತದೆ.

ನಮಗೆ ಹತ್ತಿರದ ಉದಾಹರಣೆಯೊಂದನ್ನು ನೋಡೋಣ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ ಮತ್ತು ಲಂಡನ್ನುಗಳಲ್ಲಿ ಕಲಿತ ಕಲಾವಿದೆ ಶೀಲಾ ಗೌಡ ಅವರು 2009ರ ವೆನಿಸ್ ಬಿಯೆನಾಲೆಯಲ್ಲಿ (ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನ) ‘ಬಿಹೋಲ್ಡ್’ ಎಂಬ ಕೃತಿಯನ್ನು ಪ್ರದರ್ಶಿಸಿದರು. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗ, ಅದರಿಂದ ಗೋಡೆಗೆ ತೂಗುಬಿಟ್ಟ ಕಾರುಗಳ 20 ಉಕ್ಕಿನ ಬಂಪರುಗಳು: ಇಷ್ಟೇ ಅದರ ಸಾಮಗ್ರಿ. ಕಪ್ಪು ಹಗ್ಗ ಗೋಡೆಯ ಮೇಲಿಂದ ಇಳಿದು, ಸುತ್ತಿಕೊಂಡು, ನೆಲದ ಮೇಲೆ ಗುಡ್ಡೆಯಾಗಿ ಬೀಳುತ್ತದೆ. ವೆನಿಸ್ಸಿನ ನೋಡುಗನಿಗೆ ಮೊದಲು ಕಾಣುವುದು ಒಂದು ವಿಚಿತ್ರ ಸೆಣಸಾಟ. ಹೊಳೆಯುವ, ಗಡುಸಾದ, ಭಾರವಾದ ಉಕ್ಕನ್ನು ಕೂದಲಿನಂಥ ಮೆತ್ತನೆಯ ವಸ್ತು ಎತ್ತಿ ಹಿಡಿದಿದೆ. ಈ ನೋಟಕ್ಕೆ ಯಾವ ಪೂರ್ವಜ್ಞಾನವೂ ಬೇಡ, ಅದು ಕಡಿಮೆಯದೂ ಅಲ್ಲ.

ಬೆಂಗಳೂರಿನವರಿಗೆ ಮಾತ್ರ ಈ ಹಗ್ಗದ ಗುರುತು ಮೊದಲೇ ಇರುತ್ತದೆ. ಸಿಗ್ನಲ್ಲಿನಲ್ಲಿ ಮುಂದೆ ನಿಂತ ಗಾಡಿಯ ಬಂಪರಿಗೆ ದೂಳು ಮೆತ್ತಿದ ಕಪ್ಪು ಹಗ್ಗವೊಂದು ಗಂಟು ಹಾಕಿಕೊಂಡಿರುವುದನ್ನು ನಾವೆಲ್ಲ ನೋಡಿದ್ದೇವೆ. ಗಾಡಿಗೆ ದೃಷ್ಟಿಯಾಗದಿರಲಿ, ದಾರಿಯಲ್ಲಿ ಕೇಡಾಗದಿರಲಿ ಎಂದು ಕಟ್ಟಿದ್ದು ಅದು. ಆ ಕೂದಲು ದೇವಸ್ಥಾನಗಳಲ್ಲಿ ಹರಕೆ ಹೊತ್ತವರು ಕೊಟ್ಟ ಮುಡಿ. ಉದ್ದನೆಯ ಕೂದಲು ವಿಗ್ ತಯಾರಿಕೆಯ ಮಾರುಕಟ್ಟೆಗೆ ಹೋದರೆ, ಬೆಲೆ ಬಾರದ ಮೋಟು ಕೂದಲು ಹಗ್ಗವಾಗುತ್ತದೆ. ಮಗುವಿನ ಜ್ವರ ಇಳಿಯಲೆಂದು ಯಾರೋ ಕೊಟ್ಟ ಮುಡಿ ಇನ್ಯಾರದೋ ಸಾಲದ ಕಾರನ್ನು ಕಾಯುತ್ತಿರಬಹುದು. ಭಕ್ತಿ, ವ್ಯಾಪಾರ, ಹೊಸೆಯುವವರ ದುಡಿಮೆ, ನಗರದ ರಸ್ತೆಯ ಭಯ ಇವೆಲ್ಲ ಒಂದೇ ಎಳೆಯಲ್ಲಿ ಹೊಸೆದುಕೊಂಡಿವೆ ಎಂದು ತಿಳಿದ ಮೇಲೆ, ಉಕ್ಕಿನ ಭಾರವನ್ನು ಕೂದಲು ಹೊತ್ತಿರುವ ಆ ಮೊದಲ ನೋಟವೇ ಬೇರೆ ರೀತಿಯಲ್ಲಿ ಕಾಡತೊಡಗುತ್ತದೆ.

ಹಾಗೆಂದು ಸಂದರ್ಭವೆಂದರೆ ಕೃತಿಯ ಪಕ್ಕದ ಫಲಕದಲ್ಲಿ ಬರೆದು ಮುಗಿಸಬಹುದಾದ ಒಂದು ಸಾಲು ಎಂದು ಭಾವಿಸಬಾರದು. ಒಂದೇ ಊರಿನೊಳಗೂ ಒಂದೇ ವಸ್ತುವಿಗೆ ಹಲವು ಅರ್ಥಗಳಿರುತ್ತವೆ, ಆ ಅರ್ಥಗಳು ಪರಸ್ಪರ ಜಗಳವಾಡುತ್ತಲೂ ಇರುತ್ತವೆ. 1990ರ ದಶಕದ ಆರಂಭದಲ್ಲಿ, ಕೋಮುಗಲಭೆಗಳು ದೇಶವನ್ನು ಕಲಕಿದ್ದ ದಿನಗಳಲ್ಲಿ, ಅಲ್ಲಿಯವರೆಗೆ ಚಿತ್ರ ಬರೆಯುತ್ತಿದ್ದ ಇದೇ ಕಲಾವಿದೆ ಸಗಣಿಯನ್ನು ಮಾಧ್ಯಮವಾಗಿ ಎತ್ತಿಕೊಂಡರು. ಪೂಜೆಗೆ ಕೂತವರಿಗೆ ಸಗಣಿ ಪವಿತ್ರ. ಬೆಳಗಾಗೆದ್ದು ಅಂಗಳ ಸಾರಿಸಿ, ಬೆರಣಿ ತಟ್ಟುವ ಹೆಂಗಸಿಗೆ ಅದು ಉರುವಲು ಮತ್ತು ದಿನದ ಕೆಲಸ. ಹಸು ರಾಜಕೀಯದ ಲಾಂಛನವಾಗಿದ್ದ ಆ ಹೊತ್ತಿನಲ್ಲಿ ಸಗಣಿಯನ್ನು ಗ್ಯಾಲರಿಗೆ ತಂದಾಗ ಈ ಮೂರೂ ಅರ್ಥಗಳು ಒಟ್ಟಿಗೆ ಬಂದವು, ಯಾವುದೂ ಇನ್ನೊಂದಕ್ಕೆ ಜಾಗ ಬಿಟ್ಟುಕೊಡಲಿಲ್ಲ. ‘ಭಾರತೀಯ ಸಂಸ್ಕೃತಿಯ ಪ್ರತೀಕ’ ಎಂದು ಒಂದೇ ಮಾತಿನಲ್ಲಿ ವಿವರಿಸಿದರೆ ಈ ಒತ್ತಡವೆಲ್ಲ ಮಾಯವಾಗುತ್ತದೆ. ಇಂಥ ವಿವರಣೆ ಏನನ್ನೂ ಹೇಳದಿರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ ಎಂದೇ ನನಗನ್ನಿಸುತ್ತದೆ.

ಕುಂದಾಪುರದ ಬಳಿಯ ಕೋಟೇಶ್ವರದವರಾದ ಕಲಾವಿದ ಎಲ್.ಎನ್. ತಲ್ಲೂರು ಅವರು 2012ರ ಕೊಚ್ಚಿ–ಮುಜಿರಿಸ್ ಬಿಯೆನಾಲೆಯಲ್ಲಿ ಮಂಗಳೂರು ಹಂಚುಗಳನ್ನು ಬಳಸಿ, ಅವುಗಳ ಮೇಲೆ ಹಠಯೋಗದ ಭಂಗಿಗಳಲ್ಲಿರುವ ಮಣ್ಣಿನ ಪುಟ್ಟ ಆಕೃತಿಗಳನ್ನು ಕೂರಿಸಿದ್ದರು. ಕರಾವಳಿಯ ಮನೆಗಳ ಮಾಡಿನ ಮೇಲೆ ತೀರಾ ನಮ್ಮದೆಂಬಂತೆ ಕಾಣುವ ಆ ಹಂಚಿನ ಕಾರ್ಖಾನೆಯನ್ನು ಮಂಗಳೂರಿನಲ್ಲಿ 1865ರಲ್ಲಿ ಆರಂಭಿಸಿದ್ದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್. ಪ್ರಾದೇಶಿಕವೆಂದು ನಾವು ಅಪ್ಪಿಕೊಂಡಿರುವ ವಸ್ತುವೂ ಎಷ್ಟೋ ಸಲ ದೂರದಿಂದ ಬಂದು ನೆಲೆನಿಂತದ್ದು.

ನಾವೇ ಹೊರಗಿನವರಾದಾಗ ಏನು ಮಾಡಬೇಕು ಎಂಬುದು ಉಳಿದ ಪ್ರಶ್ನೆ. ಘಾನಾದಲ್ಲಿ 1944ರಲ್ಲಿ ಹುಟ್ಟಿ, ನೈಜೀರಿಯಾದ ನ್ಸುಕ್ಕಾದಲ್ಲಿ ದಶಕಗಳ ಕಾಲ ಕಲಿಸಿದ ಕಲಾವಿದ ಎಲ್ ಅನಾಟ್ಸುಯಿ ಅವರ ಕೃತಿ ದೂರದಿಂದ ಜರಿಯ ದೊಡ್ಡ ವಸ್ತ್ರದಂತೆ ಗೋಡೆಯ ಮೇಲೆ ನೆರಿಗೆಗಟ್ಟಿ ತೂಗುತ್ತದೆ. ಹತ್ತಿರ ಹೋದರೆ ಅದು ನೇಯ್ಗೆಯಲ್ಲ. ಮದ್ಯದ ಬಾಟಲಿಗಳ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಸಾವಿರಗಟ್ಟಲೆ ತುಣುಕುಗಳನ್ನು ತಾಮ್ರದ ತಂತಿಯಿಂದ ಒಂದಕ್ಕೊಂದು ಬಿಗಿದಿದ್ದಾರೆ. ಪಶ್ಚಿಮ ಆಫ್ರಿಕಾದ ಬಗ್ಗೆ ಏನೂ ಗೊತ್ತಿಲ್ಲದ ಕನ್ನಡಿಗನೂ ಇಲ್ಲಿ ‘ಇಷ್ಟೊಂದು ಮದ್ಯದ ಮುಚ್ಚಳಗಳೇಕೆ?’ ಎಂದು ಕೇಳಬಲ್ಲ. ಆ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ, ಯುರೋಪಿನ ವರ್ತಕರು ಮದ್ಯವನ್ನು ಹಡಗುಗಳಲ್ಲಿ ಆ ಕರಾವಳಿಗೆ ತಂದು, ಅದನ್ನು ಕೊಟ್ಟು ಮನುಷ್ಯರನ್ನು ಗುಲಾಮರನ್ನಾಗಿ ಕೊಂಡೊಯ್ದ ಶತಮಾನಗಳ ಚರಿತ್ರೆ ತೆರೆದುಕೊಳ್ಳುತ್ತದೆ.