ಮೆಟ್ಟಿಲಿನ ಅಂಚಿನಲ್ಲಿ ತಡೆಯುವ ಪರಮಾಣು

ಲೋಹದ ಸ್ಫಟಿಕದ ಮೇಲೆ ಲೋಹದ ಆವಿಯನ್ನು ಕೂರಿಸಿದಾಗ ಅದು ಸಮತಟ್ಟಾಗಿ ಹರಡುತ್ತದೆಯೋ, ಗುಡ್ಡೆಗಟ್ಟುತ್ತದೆಯೋ ಎಂಬುದನ್ನು ಪಠ್ಯಪುಸ್ತಕಗಳು ಮೇಲ್ಮೈ ಶಕ್ತಿಯ ಲೆಕ್ಕದಿಂದಲೂ ಎರಡು ಲೋಹಗಳ ಪರಮಾಣು ಅಂತರದ ವ್ಯತ್ಯಾಸದಿಂದಲೂ ವಿವರಿಸುತ್ತವೆ. ಆ ಲೆಕ್ಕ ತಪ್ಪಲ್ಲ. ಆದರೆ ಅದು ಪರಮಾಣುಗಳಿಗೆ ಸಮತೋಲನ ತಲುಪುವಷ್ಟು ಅವಕಾಶ ಸಿಕ್ಕಾಗಿನ ಮಾತು. ಬೆಳ್ಳಿಯ 111 ಮುಖದ (ಪರಮಾಣುಗಳು ಅತಿ ಒತ್ತಾಗಿ ಜೋಡಿಸಿಕೊಂಡಿರುವ ಸ್ಫಟಿಕ ಮುಖದ) ಮೇಲೆ ಬೆಳ್ಳಿಯನ್ನೇ ಬೆಳೆಸಿ ನೋಡಿ: ಶಕ್ತಿಯಲ್ಲಾಗಲಿ ಅಂತರದಲ್ಲಾಗಲಿ ವ್ಯತ್ಯಾಸವೇ ಇಲ್ಲ, ಆದರೂ ಕೋಣೆಯ ಉಷ್ಣತೆಯಲ್ಲಿ ಅದು ಗುಡ್ಡೆಗಟ್ಟುತ್ತದೆ.

ಕಾರಣವಿರುವುದು ಅಂಚಿನಲ್ಲಿ. ಒಂದೇ ಪರಮಾಣು ದಪ್ಪದ ದ್ವೀಪದ ಮೇಲೆ ಬಿದ್ದ ಪರಮಾಣು ಅಲ್ಲಿ ಸಲೀಸಾಗಿ ಓಡಾಡುತ್ತದೆ; ಕೆಳಗಿನ ಪದರಕ್ಕೆ ಇಳಿಯಬೇಕಾದರೆ ಮಾತ್ರ, ನೆರೆಯ ಪರಮಾಣುಗಳ ಆಸರೆ ಕಡಿಮೆಯಿರುವ ಒಂದು ಸ್ಥಾನವನ್ನು ದಾಟಬೇಕಾಗುತ್ತದೆ. ವಿಜ್ಞಾನಿಗಳಾದ ಎರ್ಲಿಖ್ ಮತ್ತು ಹುಡ್ಡಾ 1966ರಲ್ಲಿ ಟಂಗ್‌ಸ್ಟನ್ ಮೇಲ್ಮೈಯಲ್ಲಿ ಗುರುತಿಸಿದ ಈ ಹೆಚ್ಚುವರಿ ತಡೆಯನ್ನು, ಅದರ ಪರಿಣಾಮವನ್ನು ವಿವರಿಸಿದ ಶ್ವೋಬೆಲ್ ಹೆಸರನ್ನೂ ಸೇರಿಸಿ, ನಾವು ಎರ್ಲಿಖ್–ಶ್ವೋಬೆಲ್ ತಡೆ ಎನ್ನುತ್ತೇವೆ. ಇಳಿಯಲಾಗದ ಪರಮಾಣುಗಳು ಮೇಲೆಯೇ ಒಂದನ್ನೊಂದು ಸಂಧಿಸಿ ಮತ್ತೊಂದು ದ್ವೀಪ ಕಟ್ಟುತ್ತವೆ.

ಮೇಲ್ಮೈಗೆ ಬಡಿದು ಚದುರಿದ ಎಲೆಕ್ಟ್ರಾನ್‌ಗಳು ಚುಕ್ಕೆಗಳಾಗಿ ಕಾಣುವ ಎಲೆಕ್ಟ್ರಾನ್ ವಿವರ್ತನೆಯ ಪರದೆಯ ಮೇಲೆ ಇದನ್ನು ಕಣ್ಣಾರೆ ಕಾಣಬಹುದು. ಪದರ ಅರ್ಧ ತುಂಬಿದಾಗ ಬೆಳಕಿನ ಚುಕ್ಕೆ ಮಂಕಾಗಿ, ಪೂರ್ತಿ ತುಂಬಿದಾಗ ಮತ್ತೆ ಹೊಳೆಯುತ್ತದೆ; ಗುಡ್ಡೆ ಬೆಳೆಯುತ್ತಿದ್ದರೆ ಈ ಏರಿಳಿತವಿಲ್ಲದೆ ಸುಮ್ಮನೆ ಕಂದುತ್ತಾ ಹೋಗುತ್ತದೆ.

ಬಿಸಿ ಹೆಚ್ಚಿಸಿದರೆ ಪದರ ಸಮನಾಗುತ್ತದೆ ಎಂಬ ಸಹಜ ಊಹೆಯೂ ಪೂರ್ತಿ ನಿಲ್ಲುವುದಿಲ್ಲ. ಪ್ಲಾಟಿನಮ್ ಮೇಲೆ ಪ್ಲಾಟಿನಮ್ ಬೆಳೆಸಿದ 1990ರ ಪ್ರಯೋಗದಲ್ಲಿ ಸುಮಾರು 620 ಕೆಲ್ವಿನ್‌ನಲ್ಲಿ ಪದರಪದರವಾದ ಬೆಳವಣಿಗೆ, 420ರ ಆಸುಪಾಸಿನಲ್ಲಿ ಗುಡ್ಡೆ, 275ರ ಹತ್ತಿರ ಮತ್ತೆ ಪದರಪದರದ ಬೆಳವಣಿಗೆ ಕಂಡುಬಂತು. ತಂಪಿನಲ್ಲಿ ದ್ವೀಪಗಳು ಚಿಕ್ಕವಾಗಿ, ಅವುಗಳ ಅಂಚು ಅಂಕುಡೊಂಕಾಗಿರುವುದರಿಂದ ಪರಮಾಣು ಪದೇ ಪದೇ ಅಂಚಿಗೆ ಬಂದು ಇಳಿಯುವ ದಾರಿ ಹುಡುಕಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಟ್ಟ ವಿವರಣೆ. ಬೆಳ್ಳಿಯಲ್ಲಾದರೆ ಒಂದಿಷ್ಟು ಆಂಟಿಮನಿ ಸೇರಿಸಿದರೂ ಪದರಗಳು ಒಂದರ ಮೇಲೊಂದು ಕ್ರಮವಾಗಿ ತುಂಬುತ್ತವೆ.

ಬೇಕೆಂದು ಸೇರಿಸಿದ ಅನ್ಯವಸ್ತು ಹೀಗೆ ನೆರವಾದರೆ, ತಾನಾಗಿ ಸೇರಿಕೊಂಡದ್ದು ಫಲಿತಾಂಶವನ್ನೇ ಕೆಡಿಸಬಲ್ಲದು. ಈ ಬೆಳವಣಿಗೆ ನಡೆಯುವ ನಿರ್ವಾತ ಕೋಣೆಯಲ್ಲಿ ಉಳಿದ ಅನಿಲದ ಒತ್ತಡ 10⁻⁶ ಟಾರ್ ಇದ್ದು (ವಾತಾವರಣದ ಒತ್ತಡ 760 ಟಾರ್), ತಾಗಿದ ಅಣುಗಳೆಲ್ಲ ಅಂಟಿಕೊಂಡರೆ, ಸುಮಾರು ಒಂದು ಸೆಕೆಂಡಿನಲ್ಲಿ ಮೇಲ್ಮೈ ಪೂರ್ತಿ ಮುಚ್ಚಿಹೋಗುತ್ತದೆ. 10⁻¹⁰ ಟಾರ್‌ನಲ್ಲಿ ನಮಗೆ ಎರಡೂವರೆ ಗಂಟೆಗೂ ಮಿಕ್ಕ ಕಾಲಾವಕಾಶ ಸಿಗುತ್ತದೆ. ಪ್ಲಾಟಿನಮ್‌ಗೆ ಅಷ್ಟೂ ಸಾಲದು: ಅತ್ಯಲ್ಪ ಕಾರ್ಬನ್ ಮಾನಾಕ್ಸೈಡ್ ಕೂಡ ದ್ವೀಪಗಳ ಆಕಾರವನ್ನು ಬದಲಿಸಿ ಅಂಚಿನ ತಡೆಯನ್ನು ಹೆಚ್ಚಿಸುತ್ತದೆ. ಹಾಗಾಗಿ ಆವಿಯ ಮೂಲವನ್ನು ತೆರೆಯುವ ಮುನ್ನ ನಾನು ಒಟ್ಟು ಒತ್ತಡದ ಅಂಕಿಯನ್ನಷ್ಟೇ ನಂಬದೆ, ಉಳಿಕೆ ಅನಿಲಗಳ ವಿಶ್ಲೇಷಕದಲ್ಲಿ ದ್ರವ್ಯರಾಶಿ 28ರ, ಅಂದರೆ ಕಾರ್ಬನ್ ಮಾನಾಕ್ಸೈಡ್‌ನ, ಶಿಖರವನ್ನು ನೋಡುತ್ತೇನೆ. ಸಾರಜನಕವೂ ಅಲ್ಲೇ ಕಾಣಿಸುವುದರಿಂದ 12 (ಇಂಗಾಲ) ಮತ್ತು 14ರ (ಸಾರಜನಕ) ಶಿಖರಗಳನ್ನು ಹೋಲಿಸಿದ ಮೇಲೆಯೇ ಮುಂದುವರಿಯುತ್ತೇನೆ.